ದುಃಖವನ್ನು ಕೇಳುವವರ ಸ್ವಾಸ್ಥ್ಯ

"ದಿನಾ ಇಷ್ಟು ಮಂದಿ ದುಃಖಾ ಕೇಳತೀರಲ್ಲರೀ, ನಿಮಗೇನೂ ಆಗೂದಿಲ್ಲೇನು?" ಹುಬ್ಬಳ್ಳಿಯ ಕೇಶ್ವಾಪುರದ ನನ್ನ ಸಮಾಲೋಚನೆಯ ಕೊಠಡಿಗೆ ಬರುವವರಲ್ಲಿ ಅನೇಕರು, ತಮ್ಮ ಕಥೆಯನ್ನೆಲ್ಲ ಹೇಳಿ ಮುಗಿಸಿ, ಕಣ್ಣೊರೆಸಿಕೊಂಡು, ಬಾಗಿಲ ಬಳಿ ಚಪ್ಪಲಿ ಮೆಟ್ಟುವ ಹೊತ್ತಿನಲ್ಲಿ ಕೇಳುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಕುತೂಹಲಕ್ಕಿಂತ ಕನಿಕರವೇ ಹೆಚ್ಚು. ತಮ್ಮ ಭಾರವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿ ಹೋಗುತ್ತಿದ್ದೇವೆಂಬ ಅಳುಕೂ ಅದರಲ್ಲಿ ಅಡಗಿರುತ್ತದೆ. ಆ ಅಳುಕು ಉಳಿದುಬಿಟ್ಟರೆ ಮುಂದಿನ ಸಲ ಅವರು ಅರ್ಧವನ್ನು ಮಾತ್ರ ಹೇಳಿ ಉಳಿದರ್ಧವನ್ನು ನುಂಗಿಕೊಳ್ಳುವ ಸಂಭವವುಂಟಾದುದರಿಂದ, ಈ ಪ್ರಶ್ನೆಯನ್ನು ನಕ್ಕು ತೇಲಿಸಿಬಿಡುವುದು ತರವಲ್ಲ. ಆಗುತ್ತದೆ ಎಂಬುದೇ ಇದಕ್ಕೆ ಸತ್ಯವಾದ ಉತ್ತರ. ಆಗುವುದೇನು, ಆದಾಗ ಮಾಡತಕ್ಕದ್ದೇನು, ಅದರಲ್ಲಿ ಚಿಕಿತ್ಸಕರ ಪಾಲೆಷ್ಟು, ಸಮಾಜದ ಪಾಲೆಷ್ಟು ಎಂಬುದನ್ನು ಶ್ರೋತೃಗಳಾದ ತಮ್ಮ ಮುಂದೆ ಈ ಹೊತ್ತು ವಿವೇಚಿಸಬೇಕೆಂದಿದ್ದೇನೆ.

ಊರ ಚಿಂತೆ ಮಾಡಿ ಮುಲ್ಲಾ ಸೊರಗಿದ ಎಂಬ ಗಾದೆಯನ್ನು ನಮ್ಮಲ್ಲಿ ಪರರ ಗೊಡವೆಗೆ ಹೋಗುವವರನ್ನು ಮೂದಲಿಸುವುದಕ್ಕೆ ಬಳಸುತ್ತಾರೆ. ನಮ್ಮ ವೃತ್ತಿಯಲ್ಲಾದರೋ ಊರ ಚಿಂತೆಯನ್ನು ಕೇಳುವುದೇ ಕರ್ತವ್ಯ. ಸೊರಗದೆ ಕೇಳುವುದು ಹೇಗೆಂಬುದು ಈ ವೃತ್ತಿಯ ಶಿಕ್ಷಣದ ಅರ್ಧಭಾಗ. ಅನ್ಯ ವೈದ್ಯರ ಔಷಧವೂ ಉಪಕರಣವೂ ಅವರ ದೇಹದ ಹೊರಗಿರುತ್ತವೆ. ಮನೋಚಿಕಿತ್ಸಕನಿಗೆ ತನ್ನ ಅವಧಾನವನ್ನುಳಿದು ಬೇರೆ ಉಪಕರಣವಿಲ್ಲ. ನಿದ್ರೆ ಕೆಟ್ಟ ದಿನ, ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನ, ಹಿಂದಿನವರ ಶೋಕ ಇನ್ನೂ ಎದೆಯನ್ನು ಕಲಕುತ್ತಿರುವಾಗಲೇ ಮುಂದಿನವರು ಬಂದು ಕುಳಿತ ದಿನ, ಆ ಅವಧಾನ ಮೊಂಡಾಗಿರುತ್ತದೆ. ತಲೆದೂಗುವುದು, ಹೂಂಗುಡುವುದು, ಮೆಲುದನಿಯ ಪ್ರಶ್ನೆ, ಎಲ್ಲವೂ ಎಂದಿನಂತೆಯೇ ನಡೆಯುತ್ತಿರುವುದರಿಂದ ಹೊರಗಿನವರಿಗೆ ಅದು ಕಾಣದು. ಎದುರಿಗೆ ಕುಳಿತ ನೊಂದ ಜೀವಕ್ಕೆ ಮಾತ್ರ ಅದು ಕ್ಷಣಾರ್ಧದಲ್ಲಿ ತಿಳಿಯುತ್ತದೆ. ಏಕೆಂದರೆ, ಕೇಳಿದಂತೆ ಮಾಡಿ ಕೇಳದಿರುವವರನ್ನು ಅದು ಜೀವಮಾನವೆಲ್ಲ ಕಂಡಿರುತ್ತದೆ.

ಈ ಶಾಸ್ತ್ರದ ಮೂಲಪುರುಷರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ರೋಗಿಯ ಸಾನ್ನಿಧ್ಯವು ಚಿಕಿತ್ಸಕನ ಒಳಗೆ ಎಬ್ಬಿಸುವ ಭಾವಗಳನ್ನು ಫ್ರಾಯ್ಡ್ 1910ರಲ್ಲಿಯೇ ಗುರುತಿಸಿ ಹೆಸರಿಟ್ಟಿದ್ದನು. 1937ರಲ್ಲಿ, ಎಂಬತ್ತನ್ನು ದಾಟಿದ ಮೇಲೆ ಬರೆದ ಪ್ರಬಂಧವೊಂದರಲ್ಲಿ, ಪ್ರತಿಯೊಬ್ಬ ವಿಶ್ಲೇಷಕನೂ ಸುಮಾರು ಐದು ವರ್ಷಕ್ಕೊಮ್ಮೆ ನಾಚಿಕೆಪಡದೆ ತಾನೇ ಮರಳಿ ವಿಶ್ಲೇಷಣೆಗೆ ಒಳಗಾಗತಕ್ಕದ್ದೆಂದು ಅವನು ವಿಧಿಸಿದನು. ಇಂಗ್ಲೆಂಡಿನ ಶಿಶುವೈದ್ಯನೂ ಮನೋವಿಶ್ಲೇಷಕನೂ ಆಗಿದ್ದ ವಿನಿಕಾಟ್ 1949ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೀವ್ರರೋಗಿಗಳ ಶುಶ್ರೂಷೆಯಲ್ಲಿ ಚಿಕಿತ್ಸಕನಿಗೆ ಪ್ರೀತಿಯಂತೆ ದ್ವೇಷವೂ ಹುಟ್ಟುವುದುಂಟು, ಅದನ್ನು ತನಗೆ ತಾನೇ ಒಪ್ಪಿಕೊಳ್ಳದವನು ರೋಗಿಗೆ ಅಪಾಯಕಾರಿ ಎಂಬುದಾಗಿ ಬರೆದನು. ಈ ಮಾತನ್ನು ಮೊದಲ ಸಲ ಓದುವ ವಿದ್ಯಾರ್ಥಿಗಳು ಬೆಚ್ಚುತ್ತಾರೆ. ವೃತ್ತಿಯಲ್ಲಿ ಕೆಲಕಾಲ ಕಳೆದವರು ನಿಟ್ಟುಸಿರು ಬಿಡುತ್ತಾರೆ.

ನಮ್ಮ ಸೀಮೆಯಲ್ಲಿ ಮನೋರೋಗಿಗಳ ಪಾಲನೆಗೆ ದೀರ್ಘವಾದ ಚರಿತ್ರೆಯುಂಟು. ಇಂದು ಡಿಮ್ಹಾನ್ಸ್ ಎಂದು ಪ್ರಸಿದ್ಧವಾಗಿರುವ ಧಾರವಾಡದ ಸಂಸ್ಥೆಯ ಬೇರುಗಳು 1845ರಷ್ಟು ಹಿಂದಕ್ಕೆ ಹೋಗುತ್ತವೆ. ಆ ಕಾಲದ ಹುಚ್ಚರ ಆಸ್ಪತ್ರೆಗಳಲ್ಲಿ, ಅದು ಭಾರತದಲ್ಲಿರಲಿ ಯುರೋಪಿನಲ್ಲಿರಲಿ, ಪ್ರಧಾನವಾದುದು ಕಾವಲು. ಎತ್ತರದ ಗೋಡೆಯೂ ಬೀಗವೂ ರೋಗಿಯನ್ನು ಲೋಕದಿಂದ ದೂರವಿಟ್ಟಂತೆಯೇ, ಅವನ ಮಾತನ್ನು ಕೇಳುವ ಹೊಣೆಯಿಂದ ಅಲ್ಲಿಯ ನೌಕರರನ್ನೂ ದೂರವಿಡುತ್ತಿದ್ದುವು. ಕಾವಲುಗಾರನ ಸ್ಥಾನಕ್ಕೆ ಕೇಳುಗನು ಬಂದುದು ಇಪ್ಪತ್ತನೆಯ ಶತಮಾನದ ಮಾನವೀಯತೆಯ ದೊಡ್ಡ ಗೆಲುವು. ಆದರೆ ಆ ಗೆಲುವಿನೊಡನೆ, ಹಿಂದೆ ಗೋಡೆಗಳು ಹೊರುತ್ತಿದ್ದ ಭಾರವನ್ನು ಮನುಷ್ಯರು ಹೊರಬೇಕಾಯಿತು. ಅದಕ್ಕೆ ತಕ್ಕ ಏರ್ಪಾಡನ್ನು ನಾವು ಪೂರ್ತಿಯಾಗಿ ಮಾಡಿಕೊಂಡಿಲ್ಲ. ಮಾಡಿಕೊಂಡವರಿಲ್ಲವೆಂದಲ್ಲ. 1950ರ ದಶಕದ ಆರಂಭದಲ್ಲಿ ಅಮೃತಸರದ ಮನೋರೋಗಾಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ಆವರಣದಲ್ಲಿಯೇ ಡೇರೆಗಳನ್ನು ಹಾಕಿಸಿ, ರೋಗಿಯ ಮನೆಯವರನ್ನು ಅಲ್ಲಿ ಉಳಿಸಿಕೊಂಡು, ಶುಶ್ರೂಷೆಯಲ್ಲಿ ಅವರನ್ನು ಪಾಲುಗಾರರನ್ನಾಗಿ ಮಾಡಿದರು. ಕುಟುಂಬವನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವ ಪದ್ಧತಿ ಮುಂದೆ ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ನೆಲೆಯೂರಿತು. ರೋಗಿಗೆ ಅದರಿಂದಾದ ಉಪಕಾರವನ್ನು ಎಲ್ಲರೂ ಕೊಂಡಾಡುತ್ತಾರೆ. ವೈದ್ಯರಿಗೂ ದಾದಿಯರಿಗೂ ಅದರಿಂದ ಎಷ್ಟು ಹಗುರಾಗಿರಬೇಕೆಂಬುದನ್ನು ನಾನು ಮೇಲಿಂದ ಮೇಲೆ ನೆನೆಯುತ್ತೇನೆ.

ಕೇಶ್ವಾಪುರದಲ್ಲಿ ವಾಸಿಸುವವರಿಗೆ ಇಂಥ ಏರ್ಪಾಡಿನ ಅಗತ್ಯವನ್ನು ತಿಳಿಯಪಡಿಸಲು ದೂರದ ದೃಷ್ಟಾಂತ ಬೇಕಾಗಿಲ್ಲ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ 1880ರ ದಶಕದಷ್ಟು ಹಳೆಯದು. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರಸ್ಥಾನವೂ ಈ ಊರಿನಲ್ಲಿದೆ. ಗದಗ ರಸ್ತೆಯ ಸುತ್ತಣ ಮನೆಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಊಟಮಾಡಿ, ಊರು ಮಲಗಿದಾಗ ಎದ್ದು ಹೊರಡುವ ಲೋಕೋ ಪೈಲಟರ ಕುಟುಂಬಗಳು ಎಷ್ಟೋ ಇವೆ. ಎಂಟು ಗಂಟೆ ಇಲ್ಲವೆ ಅದಕ್ಕೂ ಹೆಚ್ಚು ಹೊತ್ತು ಬಂಡಿ ನಡೆಯಿಸಿ ತನ್ನ ಕೇಂದ್ರಕ್ಕೆ ಮರಳಿದವನಿಗೆ 16 ಗಂಟೆಗಳ ವಿಶ್ರಾಂತಿ, ಕಡಿಮೆ ಹೊತ್ತು ದುಡಿದವನಿಗೆ 12 ಗಂಟೆ, ಪರಸ್ಥಳದಲ್ಲಿ ತಂಗಬೇಕಾದರೆ ರನ್ನಿಂಗ್ ರೂಮಿನಲ್ಲಿ ಹಾಸಿಗೆ ಊಟ, ಎಂದು ರೈಲ್ವೆಯ ನಿಯಮಗಳು ವಿಧಿಸುತ್ತವೆ. ಆ ವಿಶ್ರಾಂತಿಯನ್ನು ಯಾರೂ ಅವನ ಆಲಸ್ಯವೆಂದು ಎಣಿಸುವುದಿಲ್ಲ. ಅವನು ಗಟ್ಟಿಮನಸ್ಸಿನವನು, ನಿದ್ರೆಯಿಲ್ಲದೆಯೂ ನಿಭಾಯಿಸಿಯಾನು ಎಂದು ಅವನ ಸ್ಥೈರ್ಯವನ್ನು ನೆಚ್ಚಿಕೊಂಡು ಸಿಗ್ನಲ್ ಕೊಡುವುದೂ ಇಲ್ಲ. ಹಿಂದಿನ ಬೋಗಿಗಳಲ್ಲಿ ಮಲಗಿರುವ ನೂರಾರು ಪ್ರಯಾಣಿಕರ ಹಕ್ಕು ಅದು. ಮನೋಚಿಕಿತ್ಸಕರ ವಿಶ್ರಾಂತಿಯನ್ನು ಕುರಿತು ನಾನು ಹೇಳಬೇಕೆಂದಿರುವುದು ಇಷ್ಟೇ: ಅದು ಅವರ ಖಾಸಗಿ ಸುಖವಲ್ಲ, ಅವರ ಬಳಿಗೆ ಬರುವವರ ಹಕ್ಕು, ಹಕ್ಕಾದುದರಿಂದ ಅದನ್ನು ವ್ಯಕ್ತಿಯ ಮನೋಬಲಕ್ಕೆ ಬಿಡದೆ ನಿಯಮದಿಂದ ಕಾಯಬೇಕು. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಮನಶ್ಶಾಸ್ತ್ರಜ್ಞ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಸೇವಾವೃತ್ತಿಯವರ ಅಂತಶ್ಶಕ್ತಿ ಬತ್ತಿಹೋಗುವ ಪರಿಯನ್ನು ಮೊದಲಿಗೆ ವರ್ಣಿಸಿದನು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅದನ್ನು ರೋಗವೆಂದು ಪರಿಗಣಿಸದೆ, ಸರಿಯಾಗಿ ನಿರ್ವಹಿಸದ ಉದ್ಯೋಗದ ಒತ್ತಡದಿಂದ ಉಂಟಾಗುವ ಸ್ಥಿತಿಯೆಂದು ತನ್ನ ವರ್ಗೀಕರಣದಲ್ಲಿ ಸೇರಿಸಿತು. ಕಾರಣವು ಉದ್ಯೋಗದ ವ್ಯವಸ್ಥೆಯಲ್ಲಿರುವಾಗ, ದಣಿದವರಿಗೆ ಧ್ಯಾನಮಾಡು, ಬೆಳಗ್ಗೆ ಬೇಗ ಏಳು ಎಂದು ಉಪದೇಶಿಸಿ ಕೈತೊಳೆದುಕೊಳ್ಳುವುದು ಅನ್ಯಾಯ.

ಮನೋಬಲವೊಂದನ್ನೇ ನೆಚ್ಚಿದರೆ ಏನಾದೀತೆಂಬುದಕ್ಕೆ ಕಾರ್ಲ್ ರಾಜರ್ಸ್‌ನ ಜೀವನದಲ್ಲಿಯೇ ಒಂದು ಪ್ರಸಂಗವುಂಟು. ಎದುರಿಗಿರುವವರನ್ನು ಯಾವ ನಿಬಂಧನೆಯೂ ಇಲ್ಲದೆ ಆದರಿಸುವುದೇ ಚಿಕಿತ್ಸೆಯ ತಿರುಳೆಂದು ಜಗತ್ತಿಗೆ ಕಲಿಸಿದ ಮಹನೀಯನೀತ. 1949ರ ಸುಮಾರಿಗೆ ಶಿಕಾಗೋದಲ್ಲಿ ಅವನು ತೀವ್ರವಾದ ಮನೋವಿಕಲತೆಯಿದ್ದ ಮಹಿಳೆಯೊಬ್ಬಳ ಚಿಕಿತ್ಸೆಯನ್ನು ದೀರ್ಘಕಾಲ ನಡೆಸಿಕೊಂಡು ಬಂದಿದ್ದನು. ಸಹಾಯ ಮಾಡಲೇಬೇಕೆಂಬ ಛಲದಿಂದ ಅವಳಿಗೆ ತನ್ನನ್ನು ಹೆಚ್ಚು ಹೆಚ್ಚಾಗಿ ಒಪ್ಪಿಸಿಕೊಳ್ಳುತ್ತ ಹೋದಂತೆ, ಅವಳ ಭಾವ ಯಾವುದು ತನ್ನದು ಯಾವುದು ಎಂಬ ಗೆರೆಯೇ ಅಳಿಸಿಹೋಗುವ ಹಂತಕ್ಕೆ ಬಂದು, ತನಗೇ ಬುದ್ಧಿಭ್ರಮಣೆಯಾದೀತೆಂದು ಅಂಜಿದನು. ಕೊನೆಗೆ ಆಕೆಯನ್ನು ಮನೋವೈದ್ಯನೊಬ್ಬನಿಗೆ ಒಪ್ಪಿಸಿ, ಪತ್ನಿಯೊಡನೆ ತಟ್ಟನೆ ಊರು ಬಿಟ್ಟು ಹೊರಟು, ಎರಡು ಮೂರು ತಿಂಗಳು ದೂರವಿದ್ದನು. ಮರಳಿದ ಮೇಲೆ ತನ್ನದೇ ಸಂಸ್ಥೆಯ ಸಹೋದ್ಯೋಗಿಯೊಬ್ಬನ ಬಳಿ ತಾನೇ ರೋಗಿಯಾಗಿ ಕುಳಿತನು. ಇದನ್ನೆಲ್ಲ ರಾಜರ್ಸ್ ತಾನೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಚಿಕಿತ್ಸೆ ಫಲಿಸಲು ಆವಶ್ಯಕವೂ ಪರ್ಯಾಪ್ತವೂ ಆದ ಸ್ಥಿತಿಗಳನ್ನು ನಿರೂಪಿಸುವ ಅವನ ಸುಪ್ರಸಿದ್ಧ ಪ್ರಬಂಧ 1957ರದು, ಎಂದರೆ ಈ ಪಲಾಯನದ ನಂತರದ್ದು; ಪರರ ನೋವನ್ನು ತನ್ನದೇ ಎಂಬಂತೆ ಅರಿಯಬೇಕು, ಆದರೆ ಆ "ಎಂಬಂತೆ" ಎಂಬುದನ್ನು ಎಂದೂ ಕಳೆದುಕೊಳ್ಳಬಾರದು ಎಂಬ ಎಚ್ಚರ ಅದರಲ್ಲಿದೆ. ಇಂಥ ಎಚ್ಚರವನ್ನು ಅನುಭವದ ಬೆಲೆ ತೆತ್ತು ಪಡೆದವನ ಮಾತೆಂದು ಓದುವಾಗ ಆ ಪ್ರಬಂಧದ ಮೇಲಣ ನನ್ನ ಗೌರವ ಇಮ್ಮಡಿಯಾಗುತ್ತದೆ.

ನಮ್ಮ ದೇಶದಲ್ಲಿ ಈ ಭಾರಕ್ಕೆ ಇನ್ನೊಂದು ರೂಪವುಂಟು. ಪಂಜಾಬಿ ಕವಿಯೂ ಮನೋವೈದ್ಯರೂ ಆಗಿದ್ದ ಜಸವಂತಸಿಂಗ್ ನೇಕಿಯವರು 1973ರಲ್ಲಿ, ಭಾರತೀಯ ರೋಗಿಯು ಚಿಕಿತ್ಸಕನಲ್ಲಿ ಅರಸುವುದು ಗುರುವನ್ನು, ಆ ಗುರುಶಿಷ್ಯಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಏಕೆ ಸ್ವೀಕರಿಸಬಾರದು ಎಂಬ ಪ್ರಶ್ನೆಯನ್ನೆತ್ತಿದರು. ಸಿದ್ಧಾರೂಢರ ಗದ್ದುಗೆಯಿರುವ ಹುಬ್ಬಳ್ಳಿಯಲ್ಲಿ ಕುಳಿತು ಆ ಮಾತನ್ನು ಅಲ್ಲಗಳೆಯುವುದು ಕಷ್ಟ. ಮನಸ್ಸಿನ ಬೇಗುದಿಯನ್ನು ಹೊತ್ತು ಮಠದ ಅಂಗಳಕ್ಕೆ ಬಂದು, ಅಲ್ಲಿ ಸುಮ್ಮನೆ ಕುಳಿತು, ಪ್ರಸಾದ ಸ್ವೀಕರಿಸಿ, ಹಗುರಾಗಿ ಮರಳುವವರ ಪರಂಪರೆ ನಮ್ಮ ವಿದ್ಯೆಗಿಂತ ಬಹಳ ಹಿಂದಿನದು. ಅದರಿಂದ ಸಮಾಧಾನ ಪಡೆದವರನ್ನು ನಾನು ಎಂದಿಗೂ ತಡೆಯಲಾರೆ. ಆದರೆ ಅದೇ ಭಾವವು ಸಮಾಲೋಚನೆಯ ಕೊಠಡಿಯೊಳಗೆ ಬಂದು, "ನೀವು ಹೇಳಿದಂಗ ಮಾಡತೀನ್ರಿ, ನೀವೇ ದಿಕ್ಕು" ಎಂದು ಕಾಲು ಮುಟ್ಟಲು ಬಾಗಿದಾಗ, ಚಿಕಿತ್ಸಕನಿಗೆ ಎರಡು ಬಗೆಯ ವಿಪತ್ತು ಒಟ್ಟಿಗೇ ಒದಗುತ್ತದೆ. ಪೂಜೆ ಮನಸ್ಸಿಗೆ ಹಿತವಾಗುವುದು ಒಂದು; ಪೂಜೆಗೆ ತಕ್ಕ ಪವಾಡವನ್ನು ಮಾಡಿತೋರಿಸಬೇಕೆಂಬ ಆತುರ ಇನ್ನೊಂದು. ಗುರುಪೀಠ ಏರಿದವನಿಗೆ ದಣಿವನ್ನು ಹೇಳಿಕೊಳ್ಳುವ ಸ್ವಾತಂತ್ರ್ಯವಿರುವುದಿಲ್ಲ. ನೇಕಿಯವರ ವಿಚಾರದ ಆಳವನ್ನು ಮನ್ನಿಸಿಯೂ, ಚಿಕಿತ್ಸಕನು ಮನುಷ್ಯನಾಗಿಯೇ ಉಳಿಯುವುದು ಇಬ್ಬರಿಗೂ ಕ್ಷೇಮವೆಂಬುದು ನನ್ನ ಅಭಿಪ್ರಾಯ.

ಇನ್ನು ಮಹಾನಗರದವರಿಗೆ ಅಷ್ಟಾಗಿ ಅರಿವಾಗದ, ನಮ್ಮಂಥ ಊರಿನ ವಿಶೇಷವಾದ ತೊಡಕೊಂದಿದೆ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಬೆಳಗ್ಗೆ ಕೊಠಡಿಯಲ್ಲಿ ಅತ್ತವರು ಸಂಜೆ ಬೆಂಗೇರಿಯ ಸಂತೆಯಲ್ಲಿ ಕೊತ್ತಂಬರಿಯ ಚೌಕಾಸಿ ಮಾಡುತ್ತ ಎದುರಾಗುತ್ತಾರೆ. ಅವರ ಅತ್ತೆ ನಮ್ಮ ಓಣಿಯವರಾಗಿರುತ್ತಾರೆ, ಮಗ ನಮ್ಮ ಮಕ್ಕಳ ತರಗತಿಯಲ್ಲಿರುತ್ತಾನೆ. "ಯಾರ ಮುಂದನೂ ಹೇಳಬ್ಯಾಡ್ರಿ ಮತ್ತ" ಎಂಬುದು ನಮ್ಮ ಕೊಠಡಿಯಲ್ಲಿ ಬಹುಶಃ ಅತಿ ಹೆಚ್ಚು ಸಲ ಕೇಳಿಬರುವ ವಾಕ್ಯ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ತನ್ನ 23ನೆಯ ಪ್ರಕರಣದಲ್ಲಿ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರಿದೆ. ಪ್ರಾಣಾಪಾಯವೇ ಮೊದಲಾದ ಕೆಲವು ಸಂದರ್ಭಗಳನ್ನು ಮಾತ್ರ ಅದಕ್ಕೆ ಹೊರತಾಗಿಸಿದೆ. ಅದಕ್ಕೆ ಅನುಸಾರವಾಗಿ, ದಾರಿಯಲ್ಲಿ ಕಂಡಾಗ ನಾನಾಗಿ ಮಾತನಾಡಿಸುವುದಿಲ್ಲ, ಅವರು ಮಾತನಾಡಿಸಿದರೆ ಮಾತನಾಡುತ್ತೇನೆ, ಮಾತನಾಡಿಸದಿದ್ದರೆ ಬೇಸರಪಡುವುದಿಲ್ಲ ಎಂದು ಮೊದಲ ಭೇಟಿಯಲ್ಲಿಯೇ ತಿಳಿಸಿಬಿಡುತ್ತೇನೆ. ಹೀಗೆ ತಿಳಿಸಿದೊಡನೆ ಎಷ್ಟೋ ಜನರ ಭುಜಗಳು ಸಡಿಲುವುದನ್ನು ಕಂಡಿದ್ದೇನೆ. ಆದರೆ ಕಾಯ್ದೆಯು ರಹಸ್ಯವನ್ನು ಕಾಯಬಲ್ಲದೇ ಹೊರತು ರಹಸ್ಯವನ್ನು ಹೊತ್ತವರನ್ನು ಕಾಯಲಾರದು. ಇತರ ಉದ್ಯೋಗಿಗಳು ಮನೆಗೆ ಮರಳಿ ಊಟಕ್ಕೆ ಕುಳಿತಾಗ ದಿನದ ಕಥೆಯನ್ನು ಹೇಳಿ ಹಗುರಾಗುವಂತೆ ನಾವು ಹಗುರಾಗುವಂತಿಲ್ಲ. ಹೇಳಲಾಗದ ಮಾತು ಒಳಗೆ ಸೇರಿ ನಿದ್ರೆಯಲ್ಲಿಯೋ ಸಿಡುಕಿನಲ್ಲಿಯೋ ತಲೆನೋವಿನಲ್ಲಿಯೋ ಹೊರಬರಲು ದಾರಿ ಹುಡುಕುತ್ತದೆ.

ಆ ಮಾತಿಗೆ ನ್ಯಾಯವಾದ ದಾರಿಯೊಂದನ್ನು ಈ ವಿದ್ಯೆಯೇ ಕಲ್ಪಿಸಿಕೊಟ್ಟಿದೆ. ಅದು ಹಿರಿಯ ಸಮಾಲೋಚಕರೊಡನೆ ಕ್ರಮವಾಗಿ ನಡೆಯಬೇಕಾದ ಪರಾಮರ್ಶೆ. ರೋಗಿಯ ಹೆಸರು ಕುರುಹುಗಳನ್ನು ಮರೆಮಾಡಿ, ಚಿಕಿತ್ಸೆ ಎಲ್ಲಿ ತೊಡರಿದೆ, ಯಾವ ಮಾತಿಗೆ ನಾನು ಅಕಾರಣವಾಗಿ ಸಿಟ್ಟಾದೆ, ಯಾರ ಭೇಟಿಯ ದಿನ ಬೆಳಗ್ಗೆ ಏಳುವಾಗಲೇ ಮನಸ್ಸು ಹಿಂಜರಿಯುತ್ತದೆ ಎಂಬುದನ್ನೆಲ್ಲ ಅವರ ಮುಂದೆ ಬಿಚ್ಚಿಡುವುದು. ಶಿಕ್ಷಣದ ಕಾಲದಲ್ಲಿ ಇದು ಕಡ್ಡಾಯ. ಪದವಿ ಕೈಗೆ ಬಂದ ಮೇಲೆ ಬಹುತೇಕರ ಪಾಲಿಗೆ ಇಚ್ಛೆಗೆ ಬಿಟ್ಟ ವಿಷಯ. ಬೆಂಗಳೂರಿನಲ್ಲಿ ಇಂಥ ಹಿರಿಯರು ದೊರೆತಾರು. ಉತ್ತರ ಕರ್ನಾಟಕದ ತಾಲ್ಲೂಕು ಊರುಗಳಲ್ಲಿ ಒಬ್ಬಂಟಿಯಾಗಿ ಕುಳಿತ ಆಪ್ತಸಮಾಲೋಚಕಿಗೆ ಅವರು ಎಲ್ಲಿಂದ ಬರಬೇಕು? ದೂರವಾಣಿಯಲ್ಲಿಯೋ ಗಣಕಯಂತ್ರದ ತೆರೆಯ ಮೇಲೆಯೋ ಇದು ಈಗ ಸಾಧ್ಯವಾಗಿದೆ ಎಂಬುದು ಸಮಾಧಾನ. ಚಿಕಿತ್ಸಾಮನಶ್ಶಾಸ್ತ್ರಜ್ಞರ ನೋಂದಣಿಗೆ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಿದೆ. ನೋಂದಣಿಯಂತೆ ಪರಾಮರ್ಶೆಯೂ ವೃತ್ತಿಯುದ್ದಕ್ಕೂ ಕಡ್ಡಾಯವಾಗುವುದಾದರೆ ಅದನ್ನು ಸ್ವಾಗತಿಸುವವರಲ್ಲಿ ನಾನು ಮೊದಲಿಗರ ಸಾಲಿನಲ್ಲಿರುತ್ತೇನೆ.

ಆದರೆ ಕೇಳುವವರೇ ವಿರಳವಾಗಿರುವ ದೇಶದಲ್ಲಿ ವಿಶ್ರಾಂತಿಯ ಮಾತು ಸೊಕ್ಕಿನ ಮಾತಲ್ಲವೆ ಎಂದು ಕೇಳುವವರಿದ್ದಾರೆ. ಆ ಆಕ್ಷೇಪಣೆ ತೂಕವುಳ್ಳದ್ದು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಬಹುಪಾಲು ತೊಂದರೆಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇಕಡಾ 70ನ್ನು ಮೀರಿತ್ತು. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಇಲ್ಲದ ದೇಶ ನಮ್ಮದು. ಹೀಗಿರುವಾಗ ಬಾಗಿಲ ಹೊರಗೆ ಕಾದಿರುವವರನ್ನು ನಾಳೆ ಬನ್ನಿ ಎಂದು ಕಳಿಸುವುದು ಯಾರಿಗೂ ಸುಲಭವಲ್ಲ. ಆದರೂ ಒಬ್ಬರೇ ಇಬ್ಬರ ಕೆಲಸ ಮಾಡಿ ಈ ಕೊರತೆ ತುಂಬುವುದಿಲ್ಲ. ಕೇಳಬಲ್ಲವರನ್ನು ಹೆಚ್ಚಿಸುವುದರಿಂದ ತುಂಬೀತು. ಕರ್ನಾಟಕವು ಈ ದಾರಿಯನ್ನು ಬಹಳ ಹಿಂದೆಯೇ ತೋರಿಸಿದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಡಾ. ಸಿ. ಆರ್. ಚಂದ್ರಶೇಖರರು ಗೃಹಿಣಿಯರನ್ನೂ ನಿವೃತ್ತರನ್ನೂ ಶಿಕ್ಷಕರನ್ನೂ ಆಪ್ತಸಲಹೆಗೆ ಅಣಿಗೊಳಿಸಿ, ಮನೋರೋಗಗಳನ್ನು ಕುರಿತು ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು, ಈ ವಿದ್ಯೆಯನ್ನು ಆಸ್ಪತ್ರೆಯ ಆವರಣದಿಂದ ಹೊರತಂದರು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416ಕ್ಕೆ ಕರೆಮಾಡಿದರೆ ಹಗಲಿರುಳೆನ್ನದೆ, ಕನ್ನಡದಲ್ಲಿಯೇ ಕೇಳುವವರಿದ್ದಾರೆ. ರಾತ್ರಿಯ ಎರಡು ಗಂಟೆಗೆ ಸಾಯಬೇಕೆನಿಸಿದೆ ಎಂಬ ದನಿಯನ್ನು ಕೇಳಿ, ಅದನ್ನು ಬೆಳಗಿನವರೆಗೆ ಹಿಡಿದು ನಿಲ್ಲಿಸಿದ ಆ ತರುಣ ಸಮಾಲೋಚಕರಿಗೆ ಮರುದಿನ ರಜೆಯಿರಬೇಕು, ಮಾತನಾಡಿಸುವ ಹಿರಿಯರಿರಬೇಕು, ತಿಂಗಳ ಕೊನೆಗೆ ಸಂಬಳ ಸಕಾಲದಲ್ಲಿ ಸೇರಬೇಕು.

ನನ್ನ ಮಟ್ಟಿಗೆ ಹೇಳುವುದಾದರೆ, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ತುಸು ಹೊತ್ತು ಕಿಟಕಿ ತೆರೆದು ಸುಮ್ಮನಿರುತ್ತೇನೆ. ಮಕ್ಕಳ ಮರಣದ ಶೋಕದಲ್ಲಿರುವ ಇಬ್ಬರನ್ನು ಒಂದೇ ದಿನ ನೋಡುವುದಿಲ್ಲ. ಊಟದ ಹೊತ್ತಿಗೆ ದೂರವಾಣಿ ಎತ್ತುವುದಿಲ್ಲ. ಸಂಜೆ ಉಣಕಲ್ಲ ಕೆರೆಯ ದಂಡೆಯಲ್ಲಿ ನಡೆಯುತ್ತೇನೆ. ದಿನವೆಲ್ಲ ಮಾತಿನಲ್ಲಿ ಮುಳುಗಿದ ಕಿವಿಗೆ ಮಾತು ಕಡಮೆಯಿರುವ ಕಲೆ ಬೇಕಾಗುತ್ತದೆ. ಅದಕ್ಕೆ ಈ ಊರು ಸಿರಿವಂತ ಊರು. ಕೇಶ್ವಾಪುರದಿಂದ ಬಹು ದೂರವೇನೂ ಇಲ್ಲದ ದೇಶಪಾಂಡೆನಗರದಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ಲರ ಆಲಾಪವನ್ನು, ಆ ಗಂಭೀರವಾದ ಕಂಠವು ಒಂದೊಂದೇ ಸ್ವರವನ್ನು ಅವಸರವಿಲ್ಲದೆ ಬೆಳೆಸುತ್ತ ಹೋಗುವ ರೀತಿಯನ್ನು ಕೇಳುತ್ತ ಕುಳಿತಾಗ, ಅರ್ಥ ಹುಡುಕುವ ಚಟ ತಾನಾಗಿ ನಿಲ್ಲುತ್ತದೆ. ಇವು ನನಗೆ ಒಗ್ಗಿದ ಉಪಾಯಗಳು. ಇತರರಿಗೆ ಅಡುಗೆ, ತೋಟಗಾರಿಕೆ, ಭಜನೆ, ಚದುರಂಗ ಒಗ್ಗಿಯಾವು.

ರಜೆಯ ವಿಷಯವೊಂದು ಉಳಿಯಿತು. ಬೇಸಗೆಯಲ್ಲಿ ಕೆಲದಿನ ಕೊಠಡಿ ಮುಚ್ಚುವುದಿದ್ದರೆ ಅದನ್ನು ಮುಂಚಿತವಾಗಿಯೇ, ಕನಿಷ್ಠಪಕ್ಷ ತಿಂಗಳೊಂದು ಮೊದಲು, ಬರುವವರೆಲ್ಲರಿಗೂ ತಿಳಿಸುತ್ತೇನೆ. ಆ ಅವಧಿಯಲ್ಲಿ ಯಾರನ್ನು ಕಾಣಬಹುದು, ಔಷಧ ತೆಗೆದುಕೊಳ್ಳುತ್ತಿರುವವರು ಯಾವ ವೈದ್ಯರ ಬಳಿಗೆ ಹೋಗಬೇಕು, ನಡುರಾತ್ರಿ ಕಷ್ಟವಾದರೆ ಯಾವ ಸಂಖ್ಯೆಗೆ ಕರೆಮಾಡಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತೇನೆ. ಕೆಲವರು "ಹೋಗಿಬರ್ರಿ, ನಿಮಗೂ ಬೇಕಲ್ಲ" ಎನ್ನುತ್ತಾರೆ. ಕೆಲವರು ಮುಖ ಸಪ್ಪಗೆ ಮಾಡಿ, ಮುಂದಿನ ವಾರ ಬರುವುದನ್ನೇ ತಪ್ಪಿಸುತ್ತಾರೆ. ಅದರ ಮುಂದಿನ ವಾರ ಬಂದು, ಚಿಕ್ಕಂದಿನಲ್ಲಿ ಹೇಳದೆ ಕೇಳದೆ ಬಿಟ್ಟುಹೋದವರೊಬ್ಬರ ವಿಷಯವನ್ನು, ಅಲ್ಲಿಯವರೆಗೆ ಬಾಯಿಬಿಡದಿದ್ದುದನ್ನು, ಮೊದಲ ಬಾರಿಗೆ ಹೇಳತೊಡಗುತ್ತಾರೆ. ಆಗ ನನ್ನ ರಜೆಯ ಮೇಲಣ ಅವರ ಸಿಟ್ಟನ್ನು ಸಮಾಧಾನ ಮಾಡಲು ಹೋಗದೆ, ಅದನ್ನೇ ಹಿಡಿದು ಹಿಂದಕ್ಕೆ ಹೋಗುತ್ತೇವೆ. ಆ ಕೆಲಸ ರಜೆಗೆ ಮೊದಲೇ ಆರಂಭವಾಗಿ, ರಜೆ ಮುಗಿದ ಮೇಲೂ ಎಷ್ಟೋ ವಾರ ನಡೆಯುತ್ತದೆ.